ತೂಬಿನ ತಾತನ ಏಳು ಬಾಟಲಿಗಳು

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. ಇವತ್ತು ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಫಿಲ್ಟರಿಗೆ ಬಿಸಿನೀರು ಸುರಿದು, ಡಿಕಾಕ್ಷನ್ ತೊಟ್ಟಿಕ್ಕುವುದನ್ನೇ ನೋಡುತ್ತಾ ನಿಂತಿದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ, "ನೀರ್ ಬಂತು ಕಣ್ರೀ, ಮೋಟ್ರು ಹಾಕ್ಕೊಳ್ಳಿ!" ಎಂದು ಕೂಗಿದರು. ಮೋಟಾರು ಹಾಕುವ ಮೊದಲು ನಾನು ಎಂದಿನಂತೆ ಹಳೆಯ ಜ್ಯಾಮ್ ಬಾಟಲಿಯನ್ನು ನಲ್ಲಿಗೆ ಹಿಡಿದೆ. ಮೊದಲ ನೀರನ್ನು ಕಿಟಕಿಯ ಬೆಳಕಿಗೆ ಎತ್ತಿ ನೋಡಿ, ತಿಳಿಯಾಗಿದ್ದರೆ ಮಾತ್ರ ಸಂಪಿನೊಳಕ್ಕೆ ಬಿಡುವುದು ನನ್ನ ಅಭ್ಯಾಸ. "ನಿನ್ನ ಲ್ಯಾಬ್ ಟೆಸ್ಟ್ ಮುಗೀತಾ?" ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ನಗುತ್ತಾರೆ.

ಇವತ್ತು ನೀರು ಕೆಂಪಗಿತ್ತು. ವಾರದಿಂದ ಬೆಟ್ಟದ ಕಡೆ ಮಳೆಯಂತೆ. ಬಾಟಲಿಯನ್ನು ಮೂಗಿನ ಹತ್ತಿರ ತಂದೆ. ಹಸಿಮಣ್ಣಿನ, ಜೊಂಡಿನ ಬೇರಿನ ವಾಸನೆ... ಹಾಲು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಾಗಲೇ ನನಗೆ ಎಚ್ಚರವಾದದ್ದು. ಮಣ್ಣು ತಳಕ್ಕಿಳಿಯಲಿ ಎಂದು ಬಾಟಲಿಯನ್ನು ಕಿಟಕಿಯ ಮೇಲಿಟ್ಟೆ. ಅಷ್ಟರಲ್ಲಿ ಆ ವಾಸನೆಯ ಹಿಂದೆಯೇ ತೂಬಿನ ತಾತ ಬಂದು ನನ್ನ ಅಡುಗೆಮನೆಯಲ್ಲಿ ನಿಂತುಬಿಟ್ಟಿದ್ದರು.

ಅವರು ನಮಗೆ ಸಂಬಂಧಿಕರಲ್ಲ. ಗೌರಿಬಿದನೂರಿನ ದಾರಿಯಲ್ಲಿ, ಎರಡು ಗುಡ್ಡಗಳ ನಡುವೆ ಇದ್ದ ನಮ್ಮೂರಿನ ಕೆರೆಗೆ ಅವರು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿ ಬಿಡುವುದು, ಏರಿ ಕಾಯುವುದು, ಎಲ್ಲ ಅವರ ಮನೆತನದ ಕೆಲಸ. ತೂಬಿನ ಬೀಗದ ಕೈ ಅವರ ಉಡಿದಾರದಲ್ಲಿ ತೂಗುತ್ತಿತ್ತು. ಅದು ಅವರ ಅಪ್ಪನಿಂದ ಬಂದದ್ದು, ಅಪ್ಪನಿಗೆ ಅವರಪ್ಪನಿಂದ. ಮಾತಾಡುವಾಗ ಅವರ ಬೆರಳು ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿತ್ತು, ನಮ್ಮಜ್ಜಿ ತಾಳಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಹಾಗೆ.

ಇಲಾಖೆಯವರು ಏರಿಯನ್ನು ಎತ್ತರಿಸಿ, ತೂಬಿಗೆ ಕಬ್ಬಿಣದ ತಿರುಪು ಕೂರಿಸಿದ ಮೇಲೆ ಎಲ್ಲರ ಬಾಯಲ್ಲೂ ನಮ್ಮ ಕೆರೆ ಡ್ಯಾಮ್ ಆಯಿತು. ಭಾನುವಾರಗಳಲ್ಲಿ ಊರೂರಿಂದ ಜನ ಬುತ್ತಿ ಕಟ್ಟಿಕೊಂಡು ನೋಡಲು ಬರತೊಡಗಿದರು. "ತಾತಾ, ಇಲ್ಲಿ ಕರೆಂಟ್ ತೆಗೀತಾರಾ?" ಎಂದು ಯಾರಾದರೂ ಕೇಳಿದರೆ ಅವರು ಗಂಭೀರವಾಗಿ, "ಇಲ್ಲಿ ತೆಗ್ಯೋದು ಬರೀ ಭತ್ತ, ರಾಗಿ ಕಣಪ್ಪ. ಅದನ್ನ ತಿಂದ್ರೆ ಕರೆಂಟ್ ತಾನಾಗೇ ಬರ್ತೈತೆ" ಎನ್ನುತ್ತಿದ್ದರು.

ಏರಿಯ ಕೆಳಗೇ ನಮ್ಮಜ್ಜಿಯ ಮನೆ. ನಾನು ಅಲ್ಲಿದ್ದುಕೊಂಡೇ ಚಿಕ್ಕಬಳ್ಳಾಪುರದ ಕಾನ್ವೆಂಟಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ತಾತ ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಅಜ್ಜಿ ಕಾಫಿ ಕೊಡುತ್ತಿದ್ದರು. ಅವರ ಲೋಟ ಕಿಟಕಿಯ ಹೊರಗಡೆಯೇ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದರು. ಯಾಕೆ ಹಾಗೆ ಎಂದು ನಾನು ಆಗ ಕೇಳಲಿಲ್ಲ...

ಏರಿಯ ಬುಡದಲ್ಲಿ, ಜೊಂಡಿನ ನಡುವೆ, ಒಂದು ಕಡೆ ಯಾವಾಗಲೂ ನೀರು ಜಿನುಗುತ್ತಿತ್ತು. ತಾತ ದಿನಾ ಅಲ್ಲಿಗಿಳಿದು ಒಂದು ಬಾಟಲಿ ನೀರು ಹಿಡಿದು ತಂದು ತೂಬಿನ ಕಲ್ಲುಕಟ್ಟೆಯ ಮೇಲಿಡುತ್ತಿದ್ದರು. ಏಳು ದಿನಕ್ಕೆ ಏಳು ಬಾಟಲಿ, ಸಾಲಾಗಿ. ಟಾನಿಕ್ ಸೀಸೆ, ಉಪ್ಪಿನಕಾಯಿ ಬಾಟಲಿ, ಮೂತಿ ಒಡೆದ ಸೋಡಾ ಬಾಟಲಿ... ಶುಕ್ರವಾರದ್ದು ನಾನು ಕೊಟ್ಟ ಜ್ಯಾಮ್ ಬಾಟಲಿ. ಸ್ಕೂಲಿಲ್ಲದ ದಿನ ನಾನು ಅವರ ಪಕ್ಕದಲ್ಲಿ ಕೂತು, ಆ ಬಾಟಲಿಗಳೊಳಗೆ ಕೆರೆ, ಆಕಾಶ, ಗುಡ್ಡ ಎಲ್ಲ ತಲೆಕೆಳಗಾಗಿ ತೇಲುವುದನ್ನು ನೋಡುತ್ತಿದ್ದೆ.

"ಏರಿ ಅಂದ್ಮೇಲೆ ಬೆವರ್ತದೆ ಕಣಮ್ಮ. ಅಷ್ಟು ನೀರನ್ನ ಬೆನ್ನಿಗೆ ಆನಿಸ್ಕೊಂಡು ಕುಂತೈತಲ್ಲ," ಎಂದಿದ್ದರು ಒಮ್ಮೆ. "ಬೆವರು ತಿಳಿಯಾಗಿದ್ರೆ ಭಯ ಇಲ್ಲ. ಬಾಟ್ಲು ತಳದಾಗೆ ಮಣ್ಣು ನಿಂತ್ರೆ ಮಾತ್ರ, ಒಳಗೊಳಗೇ ಏರಿ ಕರಗ್ತಾ ಐತೆ ಅಂತ."

ನಾನು ತಲೆಯಾಡಿಸಿದ್ದೆ. ಆದರೆ ನನ್ನ ಕಣ್ಣು ಆಗ ಬಾಟಲಿಯೊಳಗಿನ ಆಕಾಶದ ಮೇಲಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಎಷ್ಟೋ ಕಾಲದ ನಂತರ ಕೆರೆ ತುಂಬಿತು. ಕೋಡಿ ಬಿತ್ತು. ಹೆಚ್ಚಾದ ನೀರು ಕಲ್ಲಿನ ಕಟ್ಟೆಯ ಮೇಲೆ ನಾಲ್ಕು ಬೆರಳು ದಪ್ಪ ಬಿಳೀ ಸೀರೆ ಹಾಸಿದ ಹಾಗೆ ಜಾರುತ್ತಿತ್ತು. ಬರುವ ಭಾನುವಾರ ಬಸ್ಸುಗಟ್ಟಲೆ ಜನ ಬರುತ್ತಾರೆಂದು ಊರಿನವರು ಬಜ್ಜಿ ಅಂಗಡಿಗೆ, ಜೋಳ ಸುಡುವುದಕ್ಕೆ ಜಾಗ ಹಿಡಿದು ಕಲ್ಲಿಟ್ಟಿದ್ದರು. ತಾತ ಮಾತ್ರ ಎರಡು ದಿನದಿಂದ ಕಾಫಿಗೂ ನಿಂತಿರಲಿಲ್ಲ. ಇಂಜಿನಿಯರ್ ಸಾಹೇಬರಿಗೆ ಹೇಳಿಕಳಿಸಿದ್ದರಂತೆ, ಶನಿವಾರ ಮಧ್ಯಾಹ್ನ ಬಂದು ನೋಡಲಿ ಎಂದು.

ಆ ವಾರ ನಮ್ಮ ಕಾನ್ವೆಂಟಿನಲ್ಲಿ ಸ್ವಚ್ಛತಾ ಸಪ್ತಾಹ. ಕ್ಲಾಸಿನ ಕಿಟಕಿ ಗಾಜನ್ನು ಕನ್ನಡಿಯಂತೆ ಒರೆಸಿದ್ದಕ್ಕೆ ಸಿಸ್ಟರ್ ನನ್ನ ಎದೆಗೆ ಬೆಳ್ಳಿ ಕಾಗದದ ನಕ್ಷತ್ರ ಚುಚ್ಚಿದ್ದರು. ಶನಿವಾರ ಅರ್ಧ ದಿನ. ಬಸ್ಸಿಳಿದು ಏರಿ ಹತ್ತಿದಾಗ ತಾತ ಇರಲಿಲ್ಲ. ಜೀಪು ಬರುವುದನ್ನು ಕಾಯುತ್ತಾ ರಸ್ತೆಗೆ ಹೋಗಿದ್ದರು. ಕಟ್ಟೆಯ ಮೇಲೆ ಬಾಟಲಿಗಳು ನಿಂತಿದ್ದವು. ಅವುಗಳಲ್ಲಿ ಎರಡು ಮೂರರ ತಳದಲ್ಲಿ ಕೆಂಪು ಕೆಸರು... ಸಾಹೇಬರು ಬರುವ ದಿನ ನಮ್ಮ ತಾತನ ಬಾಟಲಿಗಳು ಇಷ್ಟು ಕೊಳಕಾಗಿರಬಾರದು ಎನ್ನಿಸಿತು.

ಅಜ್ಜಿಯ ಬಚ್ಚಲಿನಿಂದ ಬೂದಿ, ಸೋಪಿನ ಚೂರು ತಂದೆ. ಏಳನ್ನೂ ತಿಕ್ಕಿ ತೊಳೆದೆ. ಬೋರಿನ ಕೈಪಂಪಿನಿಂದ ತಿಳಿನೀರು ತುಂಬಿ, ಸಾಲು ತಪ್ಪದೆ ಇಟ್ಟೆ. ಬಿಸಿಲು ಬಿದ್ದಾಗ ಅವು ನಮ್ಮ ಸ್ಕೂಲಿನ ಚಾಪೆಲ್ ಕಿಟಕಿಯ ಹಾಗೆ ಹೊಳೆದವು. ಹೊಂಗೆ ಮರದ ಹಿಂದೆ ನಿಂತು, ತಾತ ಎಷ್ಟು ಖುಷಿಪಡುತ್ತಾರೋ ಎಂದು ಕಾದೆ.

ಸಾಹೇಬರು ಬಂದರು. ಊರಿನ ನಾಲ್ಕೈದು ಜನ ಹಿಂದೆಯೇ ಬಂದರು. ಜಿನುಗುವ ಜಾಗದಲ್ಲಿ ಮೊಣಕಾಲುದ್ದ ಕೆಸರು. ಸಾಹೇಬರು ತಮ್ಮ ಬೂಟು ನೋಡಿಕೊಂಡು ಮೇಲಿನಿಂದಲೇ ಬಗ್ಗಿದರು.

"ಗುರುವಾರದಿಂದ ಬಣ್ಣ ತಿರುಗೈತೆ ಸಾರ್. ಎರಡು ತೂಬೂ ಎತ್ತಿ ನೀರು ಇಳಿಸ್ಬೇಕು. ನಿನ್ನೇದು ನೋಡಿ, ಬೆರಳುದ್ದ ಮಣ್ಣು ನಿಂತೈತೆ," ಎನ್ನುತ್ತಾ ತಾತ ಜ್ಯಾಮ್ ಬಾಟಲಿಯನ್ನು ಬೆಳಕಿಗೆ ಎತ್ತಿದರು.

ಒಳಗೆ ಆಕಾಶ ಮಾತ್ರ ಇತ್ತು.

"ಏನಯ್ಯಾ ಇದು, ಮುಚ್ಚಳ ಹಾಕಿ ಮಾರ್ಬೋದು ಇದನ್ನ!" ಎಂದರು ಸಾಹೇಬರು. ಊರಿನವರು ಗೊಳ್ಳೆಂದರು. "ತಾತನಿಗೆ ಕೋಡಿ ನೀರು ತಲೆಗೇರೈತೆ ಸಾರ್," ಎಂದ ಒಬ್ಬ.

ತಾತ ಬಾಟಲಿಯನ್ನು ಮೂಗಿನ ಹತ್ತಿರ ತಂದರು. ಆಮೇಲೆ ಒಂದೊಂದನ್ನೂ ನೋಡಿದರು. ಆಮೇಲೆ ಹೊಂಗೆ ಮರದ ಕಡೆ ನೋಡಿದರು. ನನ್ನ ಯೂನಿಫಾರಮ್ಮಿನ ಅಂಚು ಒದ್ದೆಯಾಗಿತ್ತು, ತೋಳಿನಲ್ಲಿ ಇನ್ನೂ ಸೋಪಿನ ನೊರೆ. ಒಂದು ಮಾತು ಸಾಕಿತ್ತು, ಈ ಹುಡುಗಿ ತೊಳೆದಿದ್ದಾಳೆ ಎಂದು. ನಾನಾದರೂ ಹೇಳಬಹುದಿತ್ತು. ನಾನು ಮರದ ಹಿಂದಕ್ಕೆ ಇನ್ನಷ್ಟು ಸರಿದೆ.

"ನನ್ ಕಣ್ಣೇ ಮಂಜಾಗಿರ್ಬೇಕು ಸಾರ್," ಎಂದರು ತಾತ.

"ನಾಳೆ ಜನ ಬರ್ತಾರೆ, ತೂಬು ಮುಟ್ಬೇಡ. ಸೋಮವಾರ ನೋಡೋಣ," ಎಂದು ಹೇಳಿ ಸಾಹೇಬರು ಜೀಪು ಹತ್ತಿದರು.

ದೀಪ ಹಚ್ಚುವ ಹೊತ್ತಿಗೆ ಕಾಲುವೆಯಲ್ಲಿ ಹೊಸ ಸದ್ದು ಕೇಳಿತು, ಯಾರೋ ಒಂದೇ ಸಮನೆ ಪಿಸುಗುಟ್ಟುತ್ತಿರುವ ಹಾಗೆ. ತಾತ ಎರಡು ತೂಬನ್ನೂ ಎತ್ತಿದ್ದರು. ಭಾನುವಾರ ಬೆಳಗಾಗುವಷ್ಟರಲ್ಲಿ ಕೋಡಿಯ ಬಿಳೀ ಸೀರೆ ನೂಲೆಳೆಯಾಗಿತ್ತು. ಟವೆಲ್ಲು, ಬುತ್ತಿ ಹಿಡಿದು ಬಂದವರು ಒಣಗುತ್ತಿದ್ದ ಕಲ್ಲು ನೋಡಿ ವಾಪಸು ಬಸ್ಸು ಹತ್ತಿದರು. "ಹಿಟ್ಟು ಕಲಸಿಟ್ಟಿದ್ದೀವಲ್ಲೋ ಮುದುಕಾ, ಈಗ ನೀನೇ ತಿನ್ನು ಬಾ!" ಎಂದು ಬಜ್ಜಿ ಅಂಗಡಿಯವರು ಏರಿಯ ಮೇಲೆ ನಿಂತು ಬೈದರು. ತಾತ ತಿರುಪಿನ ಪಕ್ಕದಲ್ಲಿ, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಸೋಮವಾರ ಇಲಾಖೆಯವರು ಆ ಬೀಗದ ಕೈಯನ್ನು ಅವರಿಂದ ತೆಗೆದುಕೊಂಡರು. ಹೇಳಿದ ಮಾತು ಮೀರಿದ್ದಕ್ಕೆ. ಉಡಿದಾರದ ಗಂಟು ಬಿಚ್ಚಲಾಗದೆ ಕತ್ತರಿಸಿದರಂತೆ.

ಊರು ಬಿಟ್ಟು ಕೈವಾರದ ಹತ್ತಿರ ಮಗಳ ಮನೆಗೆ ಹೊರಟ ದಿನ ತಾತ ನಮ್ಮ ಕಿಟಕಿಯ ಹೊರಗೆ ನಿಂತರು. ಅಜ್ಜಿ ಒಳಗೆ ಕಾಫಿ ಬೆರೆಸುತ್ತಿದ್ದರು. ಸರಳಿನ ನಡುವಿನಿಂದ ಜ್ಯಾಮ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ, ಬೇರೆ ಯಾರಿಗೂ ಕೇಳದಂತೆ ಅಂದರು: "ಚೆನ್ನಾಗಿ ತೊಳೀತೀಯ ಕಣಮ್ಮ. ತೊಳ್ಯೋಕ್ ಮುಂಚೆ ಒಂದ್ಸಲ ತಳ ನೋಡು."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಅತ್ತಾದರೂ ಬಿಡುತ್ತಿದ್ದೆ...

ಬೇಸಿಗೆಯಲ್ಲಿ ನೀರು ಇಳಿದಾಗ, ಆ ಜಿನುಗಿನ ನೇರಕ್ಕೆ ಏರಿ ಅಗೆದವರಿಗೆ ಒಳಗೆ ಪೊಳ್ಳು ಸಿಕ್ಕಿತು. ಒಬ್ಬ ಆಳಿನ ತೋಳು ಹೆಗಲವರೆಗೆ ಹೋಯಿತಂತೆ. ಜೇಡಿಮಣ್ಣು ತುಂಬಿ, ಕುಟ್ಟಿ, ಮುಚ್ಚಿದರು. ಕೆಳಗಿದ್ದದ್ದು ನಮ್ಮದೇ ಮನೆಗಳ ಸಾಲು. ಆದರೂ ತಾತನನ್ನು ಕರೆದುಕೊಂಡು ಬರೋಣ ಎಂದು ಯಾರೂ ಅನ್ನಲಿಲ್ಲ. ಅಂದು ಬಾಟಲಿ ಯಾಕೆ ತಿಳಿಯಾಗಿತ್ತೆಂದು ನಾನೂ ಬಾಯಿ ಬಿಡಲಿಲ್ಲ. ದೊಡ್ಡವಳಾದ ಮೇಲೆ ಹೋಗಿ ಹೇಳೋಣವೆಂದುಕೊಂಡೆ. ಮದುವೆಯಾದ ಮೇಲೆ ಅಂದುಕೊಂಡೆ. ಕೈವಾರಕ್ಕೆ ಒಮ್ಮೆ ಹೋಗಿಯೂ ಬಂದೆ, ದೇವಸ್ಥಾನದಿಂದ ನೇರವಾಗಿ ಬಸ್‌ಸ್ಟ್ಯಾಂಡಿಗೆ. ಅವರು ಹೋದ ಸುದ್ದಿ ಬಂದಾಗ ನಾನು ಮಗಳಿಗೆ ಅನ್ನ ಕಲಸುತ್ತಿದ್ದೆ. ಕಲಸುತ್ತಲೇ ಇದ್ದೆ...

ಸಂಜೆಯ ಹೊತ್ತಿಗೆ ಕಿಟಕಿಯ ಮೇಲಿನ ನೀರು ತಿಳಿಯಾಗಿತ್ತು. ತಳದಲ್ಲಿ ಬೆರಳಗಲದ ಕೆಂಪು. ಅದರ ಮೇಲೆ ನಮ್ಮ ಎದುರು ಮನೆ, ತಂತಿಯ ಮೇಲಿನ ಕಾಗೆ, ಮುಳುಗುವ ಬಿಸಿಲು, ಎಲ್ಲ ತಲೆಕೆಳಗಾಗಿ ನಿಂತಿದ್ದವು. ಹೇಳಬೇಕಾದವರು ಇಲ್ಲ. ಈಗ ಹೇಳಿದರೆ ಕೇಳಿಸಿಕೊಳ್ಳುವುದು ಈ ಗಾಜು ಮಾತ್ರ ಎಂದುಕೊಳ್ಳುತ್ತಾ ನಿಂತಿದ್ದೆ.

ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ನಿಮ್ಮೂರಿನ ಡ್ಯಾಮಲ್ಲಿ ಕೋಡಿ ಬಿದ್ದಿದೆಯಂತೆ, ಭಾನುವಾರ ಪುಳಿಯೋಗರೆ ಕಟ್ಕೊಂಡು ಹೋಗಣ ಎಂದರು. ನಾನು ಮೊಸರು ಬಗ್ಗಿಸುತ್ತಿದ್ದಾಗ ಅವರ ಕಣ್ಣು ಕಿಟಕಿಯ ಮೇಲೆ ಬಿತ್ತು.

"ಅಯ್ಯೋ, ಇದೇನ್ರೀ, ಇಷ್ಟು ಗಲೀಜು ಬಾಟ್ಲಿನ ಇಲ್ಲಿಟ್ಟಿದ್ದೀರಾ? ಕೊಡಿ ಇತ್ಲಾಗೆ, ನಮ್ ಪಾತ್ರೆ ಜೊತೆ ಹಾಕಿ ಪಳಪಳ ಅನ್ನೋ ಹಂಗೆ ತೊಳ್ದು ಕೊಡ್ತೀನಿ."