ಅವ್ವನ ಎತ್ತರ, ಹಾವಿನ ವಯಸ್ಸು

ಅವ್ವ ಯಾವ ಬಾಗಿಲು ದಾಟಿದರೂ ತಲೆ ಬಗ್ಗಿಸುತ್ತಿದ್ದಳು. ಗದಗಿನ ಕಡೆಯ ನಮ್ಮ ಮನೆಯ ಗಿಡ್ಡ ಬಾಗಿಲುಗಳಿಗೆ ಅದು ಬೇಕಿತ್ತು, ಸರಿ. ಆದರೆ ಡಚ್ಚರ ನಾಡಿನ ವೆಲ್ಡ್‌ಹೋವನ್‌ನ ಈ ಮನೆಯಲ್ಲಿ ಅವಳ ತಲೆಯ ಮೇಲೆ ಇನ್ನೂ ಒಂದು ಗೇಣು ಜಾಗ ಉಳಿಯುತ್ತಿತ್ತು. ಆದರೂ ಬಗ್ಗುತ್ತಿದ್ದಳು. ಅಡುಗೆಮನೆಗೆ ಹೋಗುವಾಗ, ಬಸ್ಸು ಹತ್ತುವಾಗ, ಅಂಗಡಿಯ ಗಾಜಿನ ಬಾಗಿಲು ತಾನಾಗಿಯೇ ಸರಿದು ದಾರಿ ಬಿಟ್ಟಾಗಲೂ.

ಅವಳು ತುಂಬ ಎತ್ತರದ ಹೆಂಗಸು. ಸೀರೆ ಯಾವಾಗಲೂ ಪಾದಕ್ಕಿಂತ ಮೇಲೆಯೇ ನಿಲ್ಲುತ್ತಿತ್ತು. ಅಪ್ಪ ಅವಳ ಭುಜಕ್ಕೆ ಬರುತ್ತಿದ್ದ. ಮದುವೆಯ ಫೋಟೊದಲ್ಲಿ ಅವಳು ಕುರ್ಚಿಯಲ್ಲಿ ಕುಳಿತಿದ್ದಾಳೆ, ಅಪ್ಪ ಪಕ್ಕದಲ್ಲಿ ನಿಂತಿದ್ದಾನೆ. ಇಬ್ಬರೂ ಜೊತೆಯಾಗಿ ನಿಂತ ಫೋಟೊ ಒಂದೂ ಇಲ್ಲ. ನಾನೂ ಅವಳಂತೆ ಬೆಳೆಯತೊಡಗಿದಾಗ, "ಬೆನ್ನ ಸ್ವಲ್ಪ ಬಗ್ಗಿಸಿ ನಡಿಯವಾ, ಮಂದಿ ಕಣ್ಣಿಗೆ ಬೀಳಬ್ಯಾಡ" ಅನ್ನುತ್ತಿದ್ದಳು. ಉಳಿದ ಹುಡುಗಿಯರ ತಾಯಂದಿರು ನೆಟ್ಟಗೆ ನಡೆಯಲು ಹೇಳುತ್ತಿದ್ದರು.

ಅಪ್ಪ ಹೋದ ಮೇಲೆ ಅವ್ವ ವರ್ಷಕ್ಕೊಮ್ಮೆ, ವೀಸಾ ಕೊಟ್ಟಷ್ಟು ದಿನ, ನಮ್ಮಲ್ಲಿಗೆ ಬರುತ್ತಿದ್ದಳು. ಮೊದಲ ಸಲ ಸಂತೆಗೆ ಕರೆದುಕೊಂಡು ಹೋದಾಗ ಸುತ್ತ ನೋಡಿ ನನ್ನ ಕೈ ಹಿಡಿದುಕೊಂಡಳು. "ಏನವಾ ಇದು, ಇಲ್ಲೆ ಹೆಂಗಸರು ಎಲ್ಲಾರೂ ನನ್ನಂಗ ಅದಾರಲ್ಲ!" ಅವತ್ತು ಅವಳಿಗೊಂದು ಕೋಟು ಕೊಂಡೆವು. "ತೋಳು ಮಣಿಕಟ್ಟಿನತನಕ ಬಂದೈತಿ ನೋಡು" ಎಂದು ತೋಳಿನ ಅಂಚನ್ನು ಮತ್ತೆ ಮತ್ತೆ ಸವರಿದಳು. ಅದನ್ನು ಹಾಕಿಕೊಂಡೇ ರೊಟ್ಟಿ ಬಡಿದಳು.

ಅಳಿಯನೊಂದಿಗೆ ನೇರವಾಗಿ ಮಾತಾಡುವುದು ಅವಳ ರೂಢಿಯಲ್ಲಿರಲಿಲ್ಲ. ನನ್ನ ಗಂಡ ರಾಘು ಎದುರಿಗೇ ಕುಳಿತಿದ್ದರೂ ಸೆರಗು ಎಳೆದುಕೊಂಡು ನನಗೆ ಹೇಳುವಳು: "ಅವರಿಗೆ ಚಾ ಬೇಕೇನು ಕೇಳು." ರಾಘು ಬೆಂಗಳೂರಿನವರು. ಅವರಿಗೆ ಇದೊಂದು ಆಟ. "ಬೇಕು ಅಂತ ಅತ್ತೆಗೆ ಹೇಳಮ್ಮ, ಸಕ್ಕರೆ ಸ್ವಲ್ಪ ಜಾಸ್ತಿ ಅಂತಾನೂ ಹೇಳು" ಎನ್ನುವರು. ನಾನು ನಡುವೆ ಬಾಯಿ ತೆರೆಯುವ ಮೊದಲೇ ಅವ್ವ ಸಕ್ಕರೆಯ ಡಬ್ಬಿಗೆ ಕೈ ಹಾಕಿರುತ್ತಿದ್ದಳು.

ರಾಘು ಮಹಡಿಯ ಸಣ್ಣ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಹಾವು ಸಾಕಿದ್ದರು. ಆಫ್ರಿಕಾ ಕಡೆಯ, ಹೆಬ್ಬಾವಿನ ಜಾತಿಯ, ಯಾರ ತಂಟೆಗೂ ಬಾರದ ಹೆಣ್ಣು ಹಾವು. ನಮ್ಮ ಕನ್ನಡದ ಗೆಳೆಯರಿಗೆ ಅದರ ವಿಷಯ ಹೇಳಲೂ ನನಗೆ ಮುಜುಗರ. ಅವ್ವ ಮಾತ್ರ ಅದಕ್ಕೆ ನಾಗವ್ವ ಎಂದು ಹೆಸರಿಟ್ಟಳು. ದಿನವೂ ಸ್ನಾನ ಮಾಡಿ ಹೊಸ್ತಿಲ ಆಚೆಯೇ ನಿಂತು ಕೈ ಮುಗಿಯುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. "ಹಾಲು ಕುಡಿಯೂದಿಲ್ಲಂದ್ರ ಅದೆಂಥಾ ನಾಗವ್ವನ ಏನ" ಎಂಬ ಗೊಣಗಾಟವೂ ಜೊತೆಗಿರುತ್ತಿತ್ತು.

ಹೋದ ವರ್ಷ ಅವಳು ಬಂದಾಗ ನಾಗವ್ವ ದಪ್ಪಗೆ, ಉದ್ದಕ್ಕೆ ಬೆಳೆದಿತ್ತು. ರಾಘು ಅದನ್ನು ಬಕೆಟ್ಟಿನಲ್ಲಿಟ್ಟು ತೂಗಿ ಹಿಗ್ಗಿದ್ದರು. ಜೋಡಿ ಮಾಡಿಸಲೆಂದು ರೈಸ್‌ವೈಕ್ ಎಂಬ ಊರಿನ ಗೆಳೆಯನಿಂದ ಒಂದು ಗಂಡು ಹಾವನ್ನು ಬಟ್ಟೆಯ ಚೀಲದಲ್ಲಿ ತಂದರು. ಅದು ನಾಗವ್ವನ ಅರ್ಧದಷ್ಟಿತ್ತು.

ಅವ್ವ ಹೊಸ್ತಿಲಿನಿಂದಲೇ ನನ್ನನ್ನು ಕೇಳಿದಳು, "ಮರಿ ತಂದಾರೇನು?"

ರಾಘು ನಕ್ಕರು. "ಮರಿ ಅಲ್ಲ ಅಂತ ಹೇಳು. ಅದಕ್ಕೆ ಹನ್ನೊಂದು ವರ್ಷ. ಗಂಡು ಇರೋದೇ ಅಷ್ಟು. ಮರಿ ಅಂದ್ರೆ ಇವಳೇ, ಇನ್ನೂ ಎರಡು ತುಂಬಿಲ್ಲ. ಆದ್ರೆ ಸೈಜ್ ಬಂದಿದೆ, ತೂಕ ಬಂದಿದೆ. ಸಾಕು ಬಿಡು."

ಅವರು ಚೀಲದ ಗಂಟು ಬಿಚ್ಚತೊಡಗಿದರು. ಅವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ಸೆರಗು ಜಾರಿದ್ದನ್ನು ಎಳೆದುಕೊಳ್ಳಲಿಲ್ಲ.

"ಅಳಿಯಂದ್ರ, ಹಂಗ ಮಾಡಬ್ಯಾಡ್ರಿ."

ರಾಘುವಿನ ಕೈ ಗಂಟಿನ ಮೇಲೆಯೇ ನಿಂತಿತು. ಅವ್ವ ಅವರೊಂದಿಗೆ ಆಡಿದ ಮೊದಲ ಮಾತು ಅದು.

"ನೀವು ತಿನ್ನಾಕ ಹಾಕೀರಿ, ಅದು ಬೆಳದೈತಿ. ಮೈ ಬೆಳದ್ರ ವಯಸ್ಸು ಬಂದಂಗೇನ್ರಿ? ನನ್ನೂ ಹಂಗ ಮೈ ನೋಡೇ ಕೊಟ್ಟರು. ಹನ್ನೆರಡು ತುಂಬಿ ಹದಿಮೂರು ನಡದಿತ್ತು. ಹದಿನೇಳು ಅಂತ ಹೇಳಿದ್ರು, ಯಾರೂ ಸುಳ್ಳ ಅನ್ನಲಿಲ್ಲ. ನಾ ಅಷ್ಟ ಎತ್ತರ ಇದ್ದೆನಲ್ಲ!" ಅವಳು ಗಾಜಿನ ಪೆಟ್ಟಿಗೆಯ ಕಡೆ ನೋಡುತ್ತಿದ್ದಳು. "ಮೊದಲನೇ ಕೂಸು ಹೊರಗ ಬರಲಿಲ್ರಿ. ಒಳಗ ಸಿಕ್ಕೊಂಡು ಸತ್ತಿತು. ನಾನೂ ಸಾಯೂದಿತ್ತು."

ನನಗಿಂತ ಮೊದಲು ಒಂದು ಕೂಸಿತ್ತೆಂದು ನನಗೆ ತಿಳಿದದ್ದು ಆ ಕೋಣೆಯಲ್ಲಿ, ನನ್ನ ಗಂಡನಿಗೆ ತಿಳಿದ ಹೊತ್ತಿನಲ್ಲೇ. ಆ ಮದುವೆಯ ಫೋಟೊವನ್ನು ನಾನು ಇಲ್ಲಿಯ ಗೆಳತಿಯರಿಗೆಲ್ಲ ತೋರಿಸಿದ್ದೆ. "ರಾಣಿ ಕುಳಿತಿದ್ದಾಳೆ, ಸಿಪಾಯಿ ನಿಂತಿದ್ದಾನೆ" ಎಂದು ನಗಿಸಿದ್ದೆ. ಕುರ್ಚಿಯಲ್ಲಿದ್ದದ್ದು ಒಂದು ಮಗು. ಅಷ್ಟು ವರ್ಷ ನೋಡಿದರೂ ನನ್ನ ಕಣ್ಣಿಗೆ ಅವಳ ಉದ್ದವಷ್ಟೇ ಕಂಡಿತ್ತು.

ರಾಘು ತಲೆ ತಗ್ಗಿಸಿದ್ದರು. "ಇವಕ್ಕೂ ಹಾಗಾಗತ್ತೆ ಅತ್ತೆ. ಎಳೇದಾದ್ರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳತ್ತೆ. ನಂಗೆ ಗೊತ್ತಿತ್ತು. ತೂಕ ಇದೆಯಲ್ಲ ಅಂತ..." ಚೀಲದ ಗಂಟನ್ನು ಮತ್ತೆ ಬಿಗಿದರು. ಆ ಸಂಜೆಯೇ ಚೀಲ ಹಿಡಿದು ಕಾರು ಹತ್ತಿದರು.

ಅವರು ಮರಳಿ ಬಂದಾಗ ಅವ್ವ ಒಲೆಯ ಮುಂದೆ, ಸೆರಗು ಹೊದ್ದು, ಬೆನ್ನು ಬಗ್ಗಿಸಿ ನಿಂತಿದ್ದಳು. ಏನೂ ನಡೆದೇ ಇಲ್ಲವೆಂಬಂತೆ ನನಗೆ ಹೇಳಿದಳು, "ಅವರಿಗೆ ಚಾ ಬೇಕೇನು ಕೇಳು." ರಾಘು ನಗಲಿಲ್ಲ. "ಬೇಕು ಅಂತ ಹೇಳಮ್ಮ" ಎಂದರು, ಮೆಲ್ಲಗೆ. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅವ್ವನನ್ನು ಒಬ್ಬಳೇ ಕೂರಿಸಿಕೊಂಡು ಕೇಳಬೇಕೆಂದು ನನಗೆ ಅನ್ನಿಸುತ್ತಿತ್ತು. ಕೇಳಲು ನಾಚಿಕೆಯಾಗುತ್ತಿತ್ತು.

ಈ ವರ್ಷ ಬಂದವಳು ಊರಿಗೆ ಮರಳಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಅಂತ್ಯಕ್ರಿಯೆ ನಡೆಸುವವರು ಫೋನಿನಲ್ಲಿ ಒಂದೊಂದಾಗಿ ಕೇಳುತ್ತಾ ಹೋದರು. ವಯಸ್ಸು ಕೇಳಿದರು. ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು, ಎಂದೋ ಯಾರೋ ಅವಳ ಮೈ ನೋಡಿ ಹೇಳಿದ್ದನ್ನು, ಓದಿದೆ. ಎತ್ತರ ಕೇಳಿದರು. ಇದ್ದುದಕ್ಕಿಂತ ಒಂದು ಗೇಣು ಕಡಿಮೆ ಹೇಳಿದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಹಾಗೆಯೇ ಬಂತು.

ಇಬ್ಬರು ಶವಪೆಟ್ಟಿಗೆ ತಂದರು. ಅವರಲ್ಲಿ ಹಿರಿಯವನು ಮಂಚದ ಪಕ್ಕ ಒಂದು ಕ್ಷಣ ನಿಂತು, "ನಿಮ್ಮ ತಾಯಿ ಇದಕ್ಕಿಂತ ಎತ್ತರ ಇದ್ದಾರೆ" ಎಂದ. ದನಿ ಮೆತ್ತಗಿತ್ತು. ಮೊಣಕಾಲು ಸ್ವಲ್ಪ ಮಡಚಿದರೆ ಸರಿಹೋಗಬಹುದು, ಇಲ್ಲವಾದರೆ ಹೋಗಿ ಉದ್ದನೆಯದನ್ನು ತರುತ್ತೇವೆ, ತಡವಾಗುತ್ತದೆ ಎಂದ.

"ಮಡಚಿ, ಪರವಾಗಿಲ್ಲ" ಎಂದೆ. "ಅವಳಿಗೆ ಅಭ್ಯಾಸವಿದೆ."

ರಾಘು ನನ್ನತ್ತ ನೋಡಿದರು. ಆಮೇಲೆ ಡಚ್ಚಿನಲ್ಲಿ ಅವನಿಗೆ ಹೇಳಿದರು, "ಬೇಡ. ಉದ್ದನೆಯದನ್ನೇ ತನ್ನಿ. ನಾವು ಕಾಯುತ್ತೇವೆ."

ಕಾದೆವು. ನಾನು ಅವಳ ಪಾದಗಳ ಬಳಿ ಕುಳಿತಿದ್ದೆ. ಸಂಜೆ ಆ ಇಬ್ಬರು ಅವಳನ್ನು ನೆಟ್ಟಗೆ ಮಲಗಿಸಿ ಹೊತ್ತರು. ಅವ್ವ ನಮ್ಮ ಮನೆಯ ಬಾಗಿಲನ್ನು ಬಗ್ಗದೆ ದಾಟಿದಳು. ಹಿಂದೆ ಹೊರಟ ನಾನು ಹೊಸ್ತಿಲಿಗೆ ಬಂದಾಗ, ಮೇಲೆ ಅಷ್ಟು ಜಾಗವಿದ್ದರೂ, ತಲೆ ಬಗ್ಗಿಸಿದೆ.