ಮಿಸ್ತ್ರಿ ಕೇಳಿಸಿದ ಒಂದು ಚರಣ

ಮಿಸ್ತ್ರಿಯ ಬಲಕಿವಿಯ ಹಿಂದೆ, ಎಲುಬಿನ ಮೇಲೆ, ಕಡಲೆಕಾಳಿನಷ್ಟು ಜಡ್ಡುಗಟ್ಟಿದ ಗುರುತಿತ್ತು. ಹೊನ್ನಾವರದ ಬಂದರಿನಲ್ಲಿ ಬೋಟಿನ ಎಂಜಿನ್ ಕೆಟ್ಟರೆ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಆ ಜಾಗಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಎರಡು ನಿಮಿಷ ಕಳೆದು, "ಮೂರನೇ ಪಿಸ್ಟನ್ ಹೋಯ್ದು, ಬಿಚ್ಚಿ" ಎನ್ನುತ್ತಿದ್ದರು. ನನ್ನ ಅಪ್ಪನ ಬೋಟು ಅಷ್ಟು ವರ್ಷ ಕಡಲಿಗಿಳಿದದ್ದು ಅವರ ಕಿವಿಯ ದೆಸೆಯಿಂದ.

ಅಂಥ ಕಿವಿಯ ಮನುಷ್ಯ ಅಮೆರಿಕದ ಒಬ್ಬ ಜಾಝ್ ಗಾಯಕಿಯನ್ನು ಹಚ್ಚಿಕೊಂಡಿದ್ದರು. ಪ್ರಾಯದಲ್ಲಿ ಮುಂಬೈಯಿಂದ ಹೊರಡುವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಹಡಗು ನಿಂತ ಊರೂರಿನ ಗುಜರಿ ಅಂಗಡಿಗಳಲ್ಲಿ ಹೆಕ್ಕಿ ತಂದ ರೆಕಾರ್ಡುಗಳು ಅವರ ಶೆಡ್ಡಿನ ಕಪಾಟಿನಲ್ಲಿದ್ದವು. ಅವು ಆಕೆ ಹೆಸರಾದ ಮೇಲಿನವಲ್ಲ. ಯಾವುದೋ ಬ್ಯಾಂಡಿನ ಜೊತೆ ಕೂಲಿಗೆ ಹಾಡುತ್ತಿದ್ದ ಕಾಲದವು. ಆಗ ಬ್ಯಾಂಡೇ ದೊರೆ. ಅರ್ಧ ಹಾಡನ್ನು ತುತ್ತೂರಿಯೇ ತಿಂದು ಮುಗಿಸುತ್ತದೆ. ನಡುವೆ ಹುಡುಗಿ ಎದ್ದು ಒಂದು ಚರಣ ಹಾಡಿ ಕೂತುಬಿಡಬೇಕು. ಲೇಬಲ್ಲಿನ ಮೇಲೆ ಬ್ಯಾಂಡ್ ಮಾಸ್ತರನ ಹೆಸರು ಮಾತ್ರ. ಮಿಸ್ತ್ರಿ ಅದರ ಕೆಳಗೆ, ಒಂದೊಂದರ ಮೇಲೂ, ಆಕೆಯ ಹೆಸರನ್ನು ಶಾಯಿಯಲ್ಲಿ ಕನ್ನಡದಲ್ಲಿ ಬರೆದಿದ್ದರು.

ಮೊದಲ ಸಲ ಕೇಳಿದಾಗ ನಾನು ನಕ್ಕುಬಿಟ್ಟೆ. ಬಾಣಲೆಯಲ್ಲಿ ಮೀನು ಹುರಿದಂಥ ಸದ್ದು, ಅದರೊಳಗೊಂದು ಸಣ್ಣ ಧ್ವನಿ. ಮಿಸ್ತ್ರಿ ತಟ್ಟನೆ ಗ್ರಾಮಫೋನಿನ ಮುಳ್ಳೆತ್ತಿದರು. "ನಗೂದಾದ್ರೆ ಹೊರಗೆ ಹೋಗಿ ನಗು ಕೂಸೇ. ಅವಳು ಹಾಡುವಾಗ ಅಲ್ಲ!"

ಕುಮಟೆಯಲ್ಲಿ ಒಮ್ಮೆ ಒಬ್ಬ ಸಂಗೀತ ಪಂಡಿತರು ಅದೇ ಗಾಯಕಿಯ ಬಗ್ಗೆ ಭಾಷಣ ಮಾಡಲು ಬಂದಿದ್ದರು. ನಾವಿಬ್ಬರೂ ಹೋಗಿದ್ದೆವು. ಅವರು ಆಕೆಯ ಕೊನೆಗಾಲದ, ದುಃಖ ಸುರಿಯುವ ಹಾಡುಗಳನ್ನಷ್ಟೇ ಕೇಳಿಸಿ, ಮೊದಲಿನವೆಲ್ಲ ಬರೀ ಅಭ್ಯಾಸ, ಮಾರುಕಟ್ಟೆ ಸರಕು ಎಂದರು. ಗ್ರೀಸ್ ಮೆತ್ತಿದ ಅಂಗಿಯಲ್ಲೇ ಮಿಸ್ತ್ರಿ ಎದ್ದರು.

"ನೀವು ಕೇಳಿದ್ರಾ ಅವನ್ನ?"

"ಕೇಳುವಂಥದ್ದು ಅವುಗಳಲ್ಲಿ ಏನಿಲ್ಲ ಬಿಡಿ."

"ಬಿಚ್ಚಿ ನೋಡ್ದೇ ಎಂಜಿನ್ ಕೆಟ್ಟದ್ದು ಅಂದವನನ್ನ ನಾವು ಬೋಟಿಗೇ ಹತ್ತಿಸೂದಿಲ್ಲ ಸ್ವಾಮಿ. ಅಳೂ ಹೆಂಗ್ಸು ಹಾಡಿದ್ರೆ ಎಲ್ಲರೂ ಚಪ್ಪಾಳೆ ಹೊಡೀತ್ರು. ಅವಳೇ ಹುಡ್ಗಿಯಾಗಿದ್ದಾಗ ನಗ್ತಾ ನಗ್ತಾ ಹಾಡಿದ್ದು ಯಾರಿಗೂ ಬೇಡ. ಎಂತ ನ್ಯಾಯ ಇದು?"

ಸಭೆ ಗೊಳ್ಳೆಂದಿತು. ನನಗೆ ನಾಚಿಕೆಯಾಗಲಿಲ್ಲ, ಎದೆಯುಬ್ಬಿತು.

ಆಗ ನಾನು ಮದುವೆಗಳಿಗೆ ಹೋಗುವ ಒಂದು ಆರ್ಕೆಸ್ಟ್ರಾದಲ್ಲಿದ್ದೆ. ನನ್ನ ಧ್ವನಿ ಸಣ್ಣದು. ಮಾಸ್ತರರು ಯಾವತ್ತೂ ಕೋರಸ್ಸಿಗೇ ನಿಲ್ಲಿಸುತ್ತಿದ್ದರು, ಅಪರೂಪಕ್ಕೆ ಒಂದು ಚರಣ. ರೋಸಿಹೋಗಿ, ಹಾಡುವುದನ್ನೇ ಬಿಡುತ್ತೇನೆಂದು ಶೆಡ್ಡಿಗೆ ಹೋಗಿ ಹೇಳಿದೆ. ಮಿಸ್ತ್ರಿ ಸಮಾಧಾನ ಹೇಳಲಿಲ್ಲ. ರೆಕಾರ್ಡ್ ಹಾಕಿದರು.

"ಅವಳಿಗೂ ಒಂದೇ ಚರಣ. ಧ್ವನಿ ನಿಂದಕ್ಕಿಂತ ಸಣ್ಣ. ಕೂಗ್ತಾಳಾ? ಇಲ್ಲ. ಡ್ರಮ್ಮಿನ ಪೆಟ್ಟು ಮುಂದೆ ಹೋಗ್ಲಿ ಅಂತ ಬಿಡ್ತಾಳೆ, ಆಮೇಲೆ ನಿಧಾನಕ್ಕೆ ಶಬ್ದ ಇಡ್ತಾಳೆ. ಬ್ಯಾಂಡೇ ಅವಳಿಗೆ ಕಾಯ್ಬೇಕು."

ಹತ್ತು ಸಲ ಕೇಳಿಸಿದರು. ಹನ್ನೊಂದನೇ ಸಲ ನನಗೆ ಕೇಳಿಸಿತು. ಆ ಹುಡುಗಿ ಯಾರ ಹಿಂದೆಯೂ ಓಡುತ್ತಿರಲಿಲ್ಲ.

ಮರುವಾರ ಶಿರಾಲಿಯ ಮದುವೆಯೊಂದರಲ್ಲಿ ನನ್ನ ಪಾಲಿಗೆ ಬಂದ ಚರಣವನ್ನು ನಾನೂ ಹಾಗೇ ಹಾಡಿದೆ, ತಬಲಾದ ಪೆಟ್ಟಿಗಿಂತ ಒಂದು ಗುಲಗಂಜಿಯಷ್ಟು ಹಿಂದೆ. ಊಟದ ಪಂಕ್ತಿಯತ್ತ ಹೊರಟಿದ್ದ ನಾಲ್ಕಾರು ಹೆಂಗಸರು ನಿಂತು ತಿರುಗಿ ನೋಡಿದರು. ವೇದಿಕೆ ಇಳಿದದ್ದೇ ಮಾಸ್ತರರು ಹರಿಹಾಯ್ದರು: "ತಾಳದ ಮರ್ಯಾದೆ ತೆಗ್ದೆಯಲ್ಲೇ!"

"ತಾಳ ನನ್ನ ಹತ್ರವೇ ಇತ್ತು ಮಾಸ್ತರೇ. ಓಡಿದ್ದು ನೀವು" ಎಂದೆ. ಆರ್ಕೆಸ್ಟ್ರಾದಿಂದ ಹೊರಬಿದ್ದೆ. ಮಿಸ್ತ್ರಿ ಸುದ್ದಿ ಕೇಳಿ, "ಚೊಲೋ ಆತು. ಇನ್ನು ಪೂರ್ತಿ ಹಾಡು" ಎಂದರು, ಅಷ್ಟೇ.

ಭಟ್ಕಳದ ಹೆದ್ದಾರಿ ಬದಿಯ ಸಣ್ಣ ಸ್ಟುಡಿಯೋದಲ್ಲಿ ಮೊದಲ ಸಲ ಒಂದು ಹಾಡನ್ನು ಪೂರ್ತಿ ಹಾಡಿ ರೆಕಾರ್ಡ್ ಮಾಡಿದಾಗ ಮಿಸ್ತ್ರಿ ಕುಮಟೆಯ ಆಸ್ಪತ್ರೆಯಲ್ಲಿದ್ದರು. ಮಾತಾಡಿದರೆ ಉಬ್ಬಸ. ನನ್ನ ಮೊಬೈಲನ್ನು ಕಿವಿಗಿಟ್ಟುಕೊಂಡು ಎರಡು ಸಲ ಕೇಳಿದರು.

"ಎರಡನೇ ಸಾಲಿನಲ್ಲಿ ಉಸ್ರು ಕಡೀತು. ಹಿಂದೆ ಲಾರಿ ಹಾರ್ನ್ ಉಂಟು."

"ಗೊತ್ತಾತು. ಇದನ್ನ ಅಳಿಸಿ ಬೇರೆ ಹಾಡ್ತೆ."

"ಅಳಿಸಿದ್ರೆ ನೋಡು ಮತ್ತೆ!" ಸಿಟ್ಟಿಗೆ ಕೆಮ್ಮು ಬಂತು. ನರ್ಸ್ ಓಡಿ ಬಂದಳು. ಅವಳನ್ನು ಕೈಯಿಂದಲೇ ತಡೆದು ಹೇಳಿದರು: "ಬೇರೆ ಹಾಡು, ಬೇಡ ಅನ್ನೂದಿಲ್ಲ. ನಾಳೆ ನೀ ದೊಡ್ಡವಳಾದ್ರೆ ಕೇಳೂಕೆ ಎಲ್ಲರೂ ಬತ್ರು. ಹೆದರ್ತಾ ಹೆದರ್ತಾ ಹಾಡಿದ್ದುಂಟಲ್ಲ, ಆ ಕೂಸಿಗೆ ಯಾರಿದ್ದಾರೆ? ಅವಳನ್ನ ನೀನೇ ದೂಡ್ಬೇಡ."

ನಾಲ್ಕನೇ ದಿನ ಮಿಸ್ತ್ರಿ ಹೋದರು. ಬಂದರಿನಲ್ಲಿ ಅಂದು ಒಂದು ಬೋಟೂ ಹೊರಡಲಿಲ್ಲ. ಅಪ್ಪ ಸತ್ತಾಗ ಅತ್ತಷ್ಟೇ ಅತ್ತೆ.

ಭಟ್ಕಳದ ಆ ಹಾಡನ್ನು ಇದ್ದ ಹಾಗೇ ಇಂಟರ್‌ನೆಟ್ಟಿಗೆ ಹಾಕಿದೆ. ಈಗ ನನಗೆ ಕೈತುಂಬ ಕಾರ್ಯಕ್ರಮಗಳಿವೆ. ಹಿತೈಷಿಗಳು ಆಗಾಗ ಫೋನ್ ಮಾಡುತ್ತಾರೆ: "ಆ ಹಳೇ ಹಾಡೊಂದನ್ನ ಇಂಟರ್‌ನೆಟ್ಟಿನಿಂದ ತೆಗೆದುಬಿಡಿ ಮೇಡಂ, ನಿಮ್ಮ ಹೆಸರಿಗೆ ಶೋಭೆಯಲ್ಲ." ಉಸಿರು ಕಡಿದದ್ದು ನನಗೆ ಗೊತ್ತಿಲ್ಲವೇ? ನಾನು ರೆಕಾರ್ಡ್ ಮಾಡಿದ ಹಾಡುಗಳಲ್ಲಿ ಮಿಸ್ತ್ರಿ ಕೇಳಿದ್ದು ಅದೊಂದೇ. ನಾನಿರುವ ತನಕ ಅದು ಅಲ್ಲೇ ಇರುತ್ತದೆ, ಹಾರ್ನ್ ಸಮೇತ.