ಪಕ್ಕದ ದೋಣಿಯಾಕೆ

ಮದುವೆಯಾದ ಮೇಲೆ ನನ್ನ ಸಂಸಾರ ಕೃಷ್ಣಾ ನದಿಯ ಮೇಲೆಯೇ ಶುರುವಾಯಿತು. ಆಗ ನಿಜಾಮರ ಕಾಲ. ಮಾಗನೂರಿನ ಕಡೆ ಜನರನ್ನೂ ಕಾಳುಕಡಿಯನ್ನೂ ದಾಟಿಸುತ್ತಿದ್ದ ನಾವೆಲ್ಲ ದೋಣಿಗಳಲ್ಲೇ ಬದುಕುತ್ತಿದ್ದೆವು. ಸಂಜೆ ದೋಣಿಗಳನ್ನು ಒಂದಕ್ಕೊಂದು ಬಿಗಿದರೆ ಅದೇ ನಮ್ಮ ಓಣಿ. ಪಕ್ಕದ ದೋಣಿಯ ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ದೋಣಿಯಿಂದ ದೋಣಿಗೆ ಕಾಲಿಡುತ್ತ, "ಉಂಡ್ರೇನವ್ವಾ?" ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದಳು.

ಒಂದು ಮಳೆಗಾಲದಲ್ಲಿ ಆಕೆಯ ಮೈದುನ ನನ್ನ ಗಂಡನೊಡನೆ ಜಗಳವಾಡಿ, ತನ್ನ ದೋಣಿಯನ್ನು ದೂರ ಒಯ್ದು ಒಂಟಿಯಾಗಿ ಕಟ್ಟಿದ. ಹೊಳೆ ಏರತೊಡಗಿದರೂ ಹಟ ಬಿಡಲಿಲ್ಲ. ಮುದುಕಿ ಹರಿಗೋಲು ಹತ್ತಿ ಒಬ್ಬಳೇ ಹೋದಳು.

"ಕರಿಯಾಕ ಬಂದೀರೇನ್ ಅತ್ತಿಗಿ? ನಾ ಬರಂಗಿಲ್ಲ," ಎಂದು ಅವನು ಕೂಗಿದ್ದು ನಮಗೂ ಕೇಳಿಸಿತು.

"ಕರಿಯಾಕಲ್ಲೋ ತಮ್ಮಾ, ಇಲ್ಲೇ ಇರಾಕ ಬಂದೀನಿ. ನೀ ಮುಳುಗಿದ್ರ ನಾನೂ ಮುಳುಗ್ತೀನಿ," ಎಂದವಳೇ ಅವನ ದೋಣಿಯೇರಿ ಕಾಲು ಚಾಚಿ ಕುಳಿತಳು.

ಅವನು ಹಗ್ಗ ಬಿಚ್ಚಿದ. ದೋಣಿ ಹತ್ತಿರ ಬಂದಾಗ ಮುದುಕಿ ಆ ಹಗ್ಗವನ್ನು ನನ್ನ ಗಂಡನತ್ತಲೇ ಎಸೆದು, "ಹಿಡಿಯೋ!" ಎಂದಳು. ನನ್ನವರು ಎರಡೂ ಕೈಯಿಂದ ಹಿಡಿದು ಎಳೆದರು.

ಬೆಳಗಾದಾಗ ಅವನು ದೋಣಿ ಕಟ್ಟಿದ್ದ ದಂಡೆಯೇ ಇರಲಿಲ್ಲ. ಅವನು ನಮ್ಮ ಒಲೆಯ ಮುಂದೆ, ನನ್ನ ಗಂಡನ ತಟ್ಟೆಯಲ್ಲೇ ರೊಟ್ಟಿ ಮುರಿಯುತ್ತಿದ್ದ.